ಕಪಾಲಶಾಸ್ತ್ರವೂ ಹಣೆಬರಹವೂ

ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿ ಹೋದ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ರೂವಾರಿಗಳಿಗೆ ತಾಲಮಾನವು ಕರಗತವಾಗಿತ್ತು. ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು ಇಡೀ ಮೂರ್ತಿಯ ಪ್ರಮಾಣವನ್ನು ನಿರ್ಣಯಿಸುವ ಲೆಕ್ಕವದು. ಕಲ್ಲಿಗೆ ರೂಪ ಕೊಡುವುದಷ್ಟೇ ಆ ಅಳತೆಯ ಕೆಲಸ. ತಲೆಯನ್ನು ಅಳೆದು ಮನುಷ್ಯನ ಗುಣವನ್ನೇ ಹೇಳುತ್ತೇವೆಂದು ಹೊರಟವರು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪಂಡಿತರು.

ವಿಯೆನ್ನಾದ ವೈದ್ಯ ಗಾಲ್ (1758–1828) ಮೆದುಳಿನಲ್ಲಿ 27 ಶಕ್ತಿಗಳಿಗೆ 27 ಸ್ಥಾನಗಳನ್ನು ಕಲ್ಪಿಸಿದನು. ಬೆಳೆದ ಸ್ಥಾನದ ಮೇಲೆ ಬುರುಡೆ ಉಬ್ಬುವುದೆಂದೂ ಅದನ್ನು ಬೆರಳಿನಿಂದ ತಡವಿ ಗುಣವನ್ನು ಅರಿಯಬಹುದೆಂದೂ ಸಾರಿದನು. ಇದೇ ಫ್ರೆನಾಲಜಿ ಅಥವಾ ಕಪಾಲಶಾಸ್ತ್ರ. ಮೆದುಳಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕೆಲಸವುಂಟೆಂಬ ಅಂಶ ಮಾತ್ರ ಉಳಿಯಿತು. ಮಾತಿಗೆ ಸಂಬಂಧಿಸಿದ ಒಂದು ಭಾಗವನ್ನು ಬ್ರೋಕಾ 1861ರಲ್ಲಿ ಗುರುತಿಸಿದನು. ಬುರುಡೆಯ ಉಬ್ಬಿನ ಕಥೆ ಕೇವಲ ಕಥೆಯಾಯಿತು.

ಈ ಶಾಸ್ತ್ರಕ್ಕೆ ನಮ್ಮ ದೇಶದ ತಲೆಗಳೂ ಬೇಕಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಸುತ್ತ ಸೆರೆಸಿಕ್ಕ ಫಾಂಸಿಗಾರರಿಂದ ಥಗ್ಗರ ಸುದ್ದಿ ಕಂಪನಿಯ ಕಿವಿಗೆ ಬಿದ್ದಿತ್ತು. 1830ರ ದಶಕದಲ್ಲಿ ಮಧ್ಯಭಾರತದಲ್ಲಿ ಗಲ್ಲಿಗೇರಿದ ಏಳು ಮಂದಿ ಥಗ್ಗರ ಬುರುಡೆಗಳನ್ನು ಸ್ಪ್ರೈ ಎಂಬ ವೈದ್ಯನು ಎಡಿನ್‌ಬರೋದ ಕಪಾಲಶಾಸ್ತ್ರಜ್ಞರಿಗೆ ಕಳುಹಿಸಿದನು. ಕೊಲೆಯೇ ಕಸುಬಾದವರ ತಲೆಯಲ್ಲಿ ವಿನಾಶಪ್ರವೃತ್ತಿಯ ಉಬ್ಬು ಎದ್ದು ಕಾಣಬೇಕಷ್ಟೆ? ಕಾಣಲಿಲ್ಲ. ಗುಣವಿದ್ದಲ್ಲಿ ಉಬ್ಬು, ಉಬ್ಬಿದ್ದಲ್ಲಿ ಗುಣ ಎಂದು ಸಮವ್ಯಾಪ್ತಿಯನ್ನು ಹೇಳಿದವರಿಗೆ ಇಲ್ಲಿ ವ್ಯಾಪ್ತಿಭಂಗವಾಯಿತು. ತರ್ಕಸಂಗ್ರಹವನ್ನು ಓದಿದ ವಟುವೂ ಇಂಥಲ್ಲಿ ಅನುಮಾನವನ್ನು ಕೈಬಿಡುತ್ತಾನೆ. ಆ ವಿದ್ವಾಂಸರಾದರೋ ದಯೆಯ ಸ್ಥಾನ ಕಿರಿದು, ಸಂಗ್ರಹಬುದ್ಧಿಯ ಸ್ಥಾನ ಹಿರಿದು ಎಂದು ಸಮಾಧಾನ ಹೇಳಿ ಶಾಸ್ತ್ರವನ್ನು ಉಳಿಸಿಕೊಂಡರು! ಯಾವ ಬುರುಡೆ ಬಂದರೂ ಸೋಲದ ಶಾಸ್ತ್ರಕ್ಕೆ ಬುರುಡೆಯ ಅಗತ್ಯವಾದರೂ ಏನು?

ಉಬ್ಬು ಹೋದರೂ ಅಳತೆಗೋಲು ಹೋಗಲಿಲ್ಲ. ಮೂಗಿನ ಅಗಲಕ್ಕೂ ಜಾತಿಯ ಮೇಲುಕೀಳಿಗೂ ರಿಸ್ಲೆಯು ಗಂಟು ಹಾಕಿದನು. ಮದರಾಸು ವಸ್ತುಸಂಗ್ರಹಾಲಯದ ಥರ್ಸ್ಟನ್ ಕನ್ನಡಿಗರ ತಲೆಗಳನ್ನೂ ಅಳೆದನು. 1909ರಲ್ಲಿ ಹೊರಬಂದ ಆತನ ಏಳು ಸಂಪುಟಗಳಲ್ಲಿ ಆಚಾರಗಳ ವಿವರ ಇಂದಿಗೂ ಉಪಯುಕ್ತ. ತಲೆಮೂಗುಗಳ ಅಂಕಿಗಳಿಂದ ಯಾರ ಯೋಗ್ಯತೆಯೂ ತಿಳಿಯದು.

ಹಾಗೆಂದು ಪರರನ್ನು ಹಳಿದು ನಾವು ಸುಮ್ಮನಾಗುವಂತಿಲ್ಲ. ನಮ್ಮ ಸಾಮುದ್ರಿಕವೂ ಹಣೆಯ ಗೆರೆಗಳಲ್ಲಿ ಭವಿಷ್ಯವನ್ನು ಓದುವುದಷ್ಟೆ. ಅಧ್ಯಾಪಕರ ಕೊಠಡಿಯಲ್ಲಿ ‘ಅವನ ಹಣೆಬರಹವೇ ಅಷ್ಟು’ ಎಂಬ ಮಾತು ಈಗಲೂ ಕೇಳಿಬರುತ್ತದೆ. ಆಡುವವರಿಗೆ ಅದು ಬೇಸರದ ಮಾತು, ಹುಡುಗನಿಗೆ ತೀರ್ಪು. ಅರಸೀಕೆರೆಯ ಸುತ್ತಿನ ಹಳ್ಳಿಗಳಿಂದ, ಅಕ್ಷರ ಕಾಣದ ಮನೆಗಳಿಂದ ಬರುವ ಮಕ್ಕಳನ್ನು ಕಾಗುಣಿತದ ನಾಲ್ಕು ತಪ್ಪುಗಳಿಗಾಗಿ ಮಂದಬುದ್ಧಿಯವರೆಂದು ಕಡೆಯ ಸಾಲಿಗೆ ಸರಿಸುತ್ತೇವೆ. ದಾನಿಗಳೂ ವಿದ್ಯಾರ್ಥಿವೇತನವನ್ನು ಜಾಣರಿಗೇ ಕೊಡಿರೆನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಆ ಹುಡುಗನಿಗೆ ಓದಲು ಎಷ್ಟು ಹೊತ್ತು ಸಿಗುತ್ತದೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?