ಇಲಿಯ ಹೆಸರು ಉಳಿಯಿತು, ಹಿಡಿದವನ ಹೆಸರೇನು?

ವಿಜ್ಞಾನಕ್ಕೆ ಜಾತಿಯಿಲ್ಲ ಅಂತ ನಮ್ಮ ಪಂಡಿತರು ಮಾತುಮಾತಿಗೂ ಹೇಳುತ್ತಾರೆ. ಸಾಕ್ಷಿಗೆ ಡಾರ್ವಿನ್ನನ ಕಾಗದಗಳನ್ನು ತೋರಿಸುತ್ತಾರೆ. ಎಂಥ ದೊಡ್ಡ ಮನುಷ್ಯ ನೋಡಿ, ತೋಟದ ಕೆಲಸಗಾರನಿಗೂ ಉತ್ತರ ಬರೆದ ಅನ್ನುತ್ತಾರೆ. ಬರೆದದ್ದು ನಿಜ. ಆದರೆ ಅರ್ಧ ನಿಜವನ್ನು ಪೂರ್ತಿ ನಿಜವೆಂದು ಮಾರುವ ವ್ಯಾಪಾರ ಇದು. ಗೆಳೆಯರೆ, ಆ ಕಾಗದಗಳನ್ನೇ ಬಿಚ್ಚಿ ನೋಡೋಣ.

1840ರಲ್ಲಿ ಇಂಗ್ಲೆಂಡಿಗೆ ಪೆನ್ನಿ ಟಪಾಲು ಬಂತು. ಅರ್ಧ ಔನ್ಸಿನ ಕಾಗದ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಹೋಗತೊಡಗಿತು. ಡೌನ್ ಎಂಬ ಹಳ್ಳಿಯಲ್ಲಿ ಕೂತ ಡಾರ್ವಿನ್ ಪಾರಿವಾಳ ಸಾಕುವವರಿಗೆ, ತೋಟಗಾರರಿಗೆ, ಪಾದ್ರಿಗಳಿಗೆ, ದೂರದೇಶದ ಅಧಿಕಾರಿಗಳಿಗೆ ಪ್ರಶ್ನೆ ಮೇಲೆ ಪ್ರಶ್ನೆ ಬರೆದ. ಅವನು ಬರೆದದ್ದು, ಅವನಿಗೆ ಬಂದದ್ದು ಸೇರಿ ಸುಮಾರು 15,000 ಕಾಗದ ಸಿಕ್ಕಿವೆ. 1985ರಿಂದ 2023ರವರೆಗೆ 30 ಸಂಪುಟಗಳಲ್ಲಿ ಅಚ್ಚಾಗಿವೆ.

1862ರಲ್ಲಿ ಎಡಿನ್‌ಬರೋದ ಸಸ್ಯತೋಟದಲ್ಲಿ ದುಡಿಯುತ್ತಿದ್ದ ಜಾನ್ ಸ್ಕಾಟ್ ಎಂಬಾತ ಡಾರ್ವಿನ್ನನಿಗೆ ಬರೆದ: ನಿಮ್ಮ ಆರ್ಕಿಡ್ ಪುಸ್ತಕದಲ್ಲಿ ಒಂದು ತಪ್ಪಿದೆ ಅಂತ. ಡಾರ್ವಿನ್ ಸಿಟ್ಟಾಗಲಿಲ್ಲ, ವರ್ಷಗಟ್ಟಲೆ ಬರೆಯುತ್ತ ಹೋದ. 1864ರಲ್ಲಿ ಸ್ಕಾಟ್ ಕಲ್ಕತ್ತೆಗೆ ಹೊರಟಾಗ ಹಡಗಿನ ಖರ್ಚನ್ನೂ ಕೊಟ್ಟ. ಇದನ್ನು ನಾವು ಒಪ್ಪಬೇಕು, ಕಲಿಯಬೇಕು. ತಪ್ಪು ತೋರಿಸಿದ ದಲಿತ ವಿದ್ಯಾರ್ಥಿಯನ್ನು ನಮ್ಮ ಎಷ್ಟು ಮೇಷ್ಟ್ರುಗಳು ಸಹಿಸುತ್ತಾರೆ?

ಆದರೆ ಸ್ಕಾಟನ ಕೈಯಲ್ಲಿ ಲೇಖನಿ ಇತ್ತು. ಕಾಗದ ಬರೆಯುವವರ ಸಾಲಿನಲ್ಲಿ ಜಾಗವೇ ಇಲ್ಲದವರ ಗತಿಯೇನು?

1826ರಲ್ಲಿ, ಡಾರ್ವಿನ್ ಇನ್ನೂ ಹುಡುಗ. ಎಡಿನ್‌ಬರೋದಲ್ಲಿ ಒಬ್ಬ ಕಪ್ಪು ಮನುಷ್ಯನಿಂದ ಸತ್ತ ಹಕ್ಕಿಯ ಚರ್ಮ ಸುಲಿದು, ಒಳಗೆ ತುಂಬಿ, ಕೆಡದಂತೆ ಕಾಪಾಡುವ ಕಸುಬು ಕಲಿತ. ಮುಂದೆ ಬೀಗಲ್ ಹಡಗಿನಲ್ಲಿ ಅವನಿಗೆ ನೆರವಾದ ವಿದ್ಯೆ ಇದು. ಅಕ್ಕನಿಗೆ ಬರೆದ ಕಾಗದದಲ್ಲಿ ಈ ಗುರುವಿನ ಬಣ್ಣ ಬರೆದ, ಹೆಸರು ಬರೆಯಲಿಲ್ಲ. ಮುಪ್ಪಿನಲ್ಲಿ ಆತ್ಮಕಥೆ ಬರೆದಾಗ ಬಹಳ ಬುದ್ಧಿವಂತ ಅಂತ ಹೊಗಳಿದ, ಆಗಲೂ ಹೆಸರಿಲ್ಲ. ಆತ ಗಯಾನಾದಲ್ಲಿ ಗುಲಾಮನಾಗಿದ್ದು ಬಿಡುಗಡೆಯಾದ ಜಾನ್ ಎಡ್ಮನ್‌ಸ್ಟನ್ ಎಂದು ನಂತರದವರು ಹುಡುಕಿ ಹೇಳಬೇಕಾಯಿತು. ಡಾರ್ವಿನ್ ಗುಲಾಮಗಿರಿಯನ್ನು ಮನಸಾರೆ ದ್ವೇಷಿಸಿದವನು. ಅಂಥವನ ಲೇಖನಿಯೇ ಹೀಗೆ ಮಾಡಿತೆಂದರೆ ಉಳಿದವರದ್ದು ಕೇಳುವುದೇ ಬೇಡ.

ಈ ಅಂಚೆ ನಮ್ಮ ನೆಲವನ್ನೂ ಮುಟ್ಟಿದೆ. 1856ರಲ್ಲಿ ಡಾರ್ವಿನ್ ಮದ್ರಾಸಿನ ಅಧಿಕಾರಿ ವಾಲ್ಟರ್ ಎಲಿಯಟ್‌ಗೆ ಪಾರಿವಾಳ, ಕೋಳಿಗಳ ಚರ್ಮ ಕಳಿಸಿ ಅಂತ ಬರೆದ. ಚರ್ಮಗಳು ಹೋದವು. 1859ರ ಪುಸ್ತಕದಲ್ಲಿ ಎಲಿಯಟ್‌ಗೆ ವಂದನೆ ಅಚ್ಚಾಯಿತು. ಆ ಹಕ್ಕಿಗಳನ್ನು ಹಿಡಿದವರು ಯಾರು? ರಕ್ತ ಒರೆಸಿ ಚರ್ಮ ಸುಲಿದವರು ಯಾರು? ಚರ್ಮ ಮುಟ್ಟಿದವನನ್ನು ಊರ ಹೊರಗಿಟ್ಟ ದೇಶದಿಂದ ಹೋದ ಚರ್ಮಗಳಲ್ಲವೆ ಅವು?

ಈ ಎಲಿಯಟ್ ಯಾರು ಗೊತ್ತೆ? 1824ರಲ್ಲಿ ಕಿತ್ತೂರು ಚೆನ್ನಮ್ಮನ ಕೈಗೆ ಸೆರೆ ಸಿಕ್ಕಿದ್ದ ದೊರೆಗಳಲ್ಲೊಬ್ಬ. ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು 1839ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಕನ್ನಡದ ಹೆಸರುಗಳಿವೆ, ವಡ್ಡರ ಬಾಯಿಯ ಹೆಸರುಗಳಿವೆ. ಎರೆಹೊಲದ ಬಿರುಕಿನಲ್ಲಿ ಬದುಕುವ ಒಂದು ಇಲಿಗೆ ವಡ್ಡರು ಮೆಟ್ಟಡೆ ಅಂತ ಹೇಳುತ್ತಿದ್ದರಂತೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟು ಈ ಇಲಿ ವಿಪರೀತ ಹೆಚ್ಚಿತು. ಬಿತ್ತಿದ ಬೀಜ ತಿಂದಿತು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿತು. ರೈತರು ವಡ್ಡರನ್ನು ಕರೆದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಅಂತ ಕೂಲಿ. ಸಾವಿರಗಟ್ಟಲೆ ಕೊಂದರು. ಇಷ್ಟನ್ನೂ ಎಲಿಯಟ್ಟೇ ಬರೆದಿದ್ದಾನೆ. ಆ ಇಲಿಗೆ 1837ರಲ್ಲಿ ಲಂಡನ್ನಿನ ಗ್ರೇ ಎಂಬ ವಿಜ್ಞಾನಿ ಮೆಲ್ಟಡಾ ಅಂತ ಹೆಸರಿಟ್ಟ. ವಡ್ಡರ ಮಾತು ಒಂದಕ್ಷರ ಕೆಟ್ಟು ಲ್ಯಾಟಿನ್ ಆಯಿತು! ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಅದರ ಹೆಸರು ಮಿಲ್ಲಾರ್ಡಿಯಾ ಮೆಲ್ಟಡಾ. ಅದೇ ಸೀಮೆಯ ಇನ್ನೊಂದು ಇಲಿ ಗೊಲುಂಡಾ ಎಲಿಯಟಿ. ಅಧಿಕಾರಿಯ ಹೆಸರು ಉಳಿಯಿತು. ವಡ್ಡರ ಮಾತು ಉಳಿಯಿತು. ವಡ್ಡ ಉಳಿಯಲಿಲ್ಲ. ಯಾವ ಹಟ್ಟಿಯವನು, ಯಾರ ಮಗ, ಒಂದು ಸಾಲೂ ಇಲ್ಲ.

ಇನ್ನೊಂದು ಅವಮಾನ ಕೇಳಿ. ಇಲಿಯ ಹೆಸರು ವಿಜ್ಞಾನವಾಯಿತು, ಇಲಿ ತಿಂದು ಬದುಕಿದ್ದು ಬೈಗುಳವಾಯಿತು. ಅದರ ಬಿಲ, ಅದರ ಹಾದಿ, ಅದರ ಕಾಲ ತಿಳಿದಿದ್ದ ಅಜ್ಜನ ಮೊಮ್ಮಗ ಇವತ್ತು ಶಾಲೆಯಲ್ಲಿ ಇಲಿ ತಿನ್ನೋರ ಹುಡುಗ ಅಂತ ಕರೆಸಿಕೊಂಡು ತಲೆ ತಗ್ಗಿಸುತ್ತಾನೆ. ಅದೇ ತರಗತಿಯಲ್ಲಿ ಡಾರ್ವಿನ್ ಪಾಠ ನಡೆಯುತ್ತದೆ!

ಡಾರ್ವಿನ್ನನನ್ನು ಸುಡಿ ಅಂತ ನಾನು ಹೇಳುತ್ತಿಲ್ಲ. ಮನುಷ್ಯರೆಲ್ಲ ಒಂದೇ ಬುಡದವರು ಅಂತ ತೋರಿಸಿಕೊಟ್ಟವನು ಅವನು. ಬ್ರಹ್ಮನ ಮುಖ, ಬ್ರಹ್ಮನ ಪಾದದ ಕಥೆಗೆ ಅವನೇ ಉತ್ತರ. ಅವನು ನಮಗೆ ಬೇಕು. ಅವನ ಟಪಾಲಿನ ಚೀಲದಿಂದ ಹೊರಗುಳಿದವರೂ ಬೇಕು.

ಹಳ್ಳಿ ಮೇಷ್ಟ್ರೇ, ಡಾರ್ವಿನ್ ಪಾಠ ಮಾಡುವ ದಿನ ಮೆಟ್ಟಡೆಯ ಕಥೆಯನ್ನೂ ಹೇಳಿ. ವಿದ್ಯಾರ್ಥಿಗಳೇ, ನಿಮ್ಮ ಹಟ್ಟಿಯ ಮುದುಕರ ಮುಂದೆ ಕೂತು ಬರೆದುಕೊಳ್ಳಿ: ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತೆ, ಯಾವ ಇಲಿ ಎಷ್ಟು ಆಳ ತೋಡುತ್ತೆ, ಯಾವ ಬೇರು ಯಾವ ನೋವಿಗೆ. ಹೇಳಿದವರ ಹೆಸರನ್ನು, ಅವರ ಅಪ್ಪ ಅವ್ವನ ಹೆಸರನ್ನು, ಊರನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮ ಹೆಸರು ಕೊನೆಗೆ ಬರಲಿ.