ಜೀಪಲ್ಲಿ ಈಗ ಹೆಂಡತಿ-ಮಕ್ಕಳೂ ಬರ್ತಿದ್ದಾರೆ: ನಮ್ಮ ತಾಲೂಕು ಇದಕ್ಕೆ ರೆಡಿ ಇದೆಯಾ?

ಸಕಲೇಶಪುರ: ಶನಿವಾರ ಬೆಳಗ್ಗೆ ಬಿ.ಎಂ. ರಸ್ತೆಯ ಯಾವುದಾದರೂ ಹೋಟೆಲ್ ಮುಂದೆ ಅರ್ಧ ಗಂಟೆ ನಿಂತು ನೋಡಿ. ತಲೆ ಮೇಲೆ ಟೆಂಟ್, ಹಿಂದುಗಡೆ ಡೀಸೆಲ್ ಕ್ಯಾನ್ ಕಟ್ಟಿಕೊಂಡ ಥಾರ್, ಜಿಮ್ನಿ, ಹಳೇ ಬೊಲೆರೊಗಳು ಸಾಲಾಗಿ ನಿಂತಿರ್ತವೆ. ಇದು ಹೊಸದಲ್ಲ. ಇಳಿಯೋರು ಯಾರು ಅನ್ನೋದು ಹೊಸದು. ನಾಲ್ಕೈದು ವರ್ಷದ ಹಿಂದೆ ಈ ಗಾಡಿಗಳಿಂದ ಇಳಿಯುತ್ತಿದ್ದವರು ಬರೀ ಹುಡುಗರು. ಮೊದಲು ಕೇಳ್ತಿದ್ದದ್ದು ವೈನ್ ಶಾಪ್ ಎಲ್ಲಿ ಅಂತ. ಈಗ ಹಿಂದಿನ ಸೀಟಿಂದ ಮಗು ಎತ್ತಿಕೊಂಡು ಹೆಂಗಸರು ಇಳೀತಾರೆ. ಅವರು ಮೊದಲು ಕೇಳೋದು, 'ಇಲ್ಲಿ ಟಾಯ್ಲೆಟ್ ಎಲ್ಲಿದೆ?'

ಈ ಒಂದು ಪ್ರಶ್ನೆಗೆ ನಮ್ಮ ತಾಲೂಕು ಏನು ಉತ್ತರ ಕೊಡುತ್ತೆ ಅನ್ನೋದರ ಮೇಲೆ ಮುಂದಿನ ವ್ಯಾಪಾರ ನಿಂತಿದೆ.

ಯಾಕೆ ಈಗ ಫ್ಯಾಮಿಲಿ ಬರ್ತಿದೆ?

ಮೊದಲ ಕಾರಣ ಗಾಡಿ. 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಸೀರೆ ಉಟ್ಟ ಅತ್ತೆಯನ್ನೋ, ಮಲಗಿದ ಮಗುವನ್ನೋ ಅದರಲ್ಲಿ ಕೂರಿಸೋದು ಕಷ್ಟ. 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಬಂತು, 2024ರ ಆಗಸ್ಟ್‌ನಲ್ಲಿ ಥಾರ್ ರಾಕ್ಸ್ ಬಂತು. ಫೋರ್ ವೀಲ್ ಡ್ರೈವ್ ಗಾಡಿ ಮನೆಮಂದಿಯ ಕಾರೂ ಆಯ್ತು. ಅಷ್ಟು ಲಕ್ಷ ಸುರಿದು ತಂದ ಗಾಡಿ ಬೆಂಗಳೂರು ಟ್ರಾಫಿಕ್ಕಲ್ಲೇ ಸವೆಯೋದು ಬೇಡ ಅಂತ ಗಂಡನಿಗೆ ಆಸೆ. ಪ್ರತಿ ವಾರ ಒಬ್ಬನೇ ಹೋದರೆ ಮನೇಲಿ ಜಗಳ. ಹಾಗಾಗಿ ಎಲ್ಲರೂ ಹೊರಡ್ತಾರೆ.

ಎರಡನೇದು, ನಾವಿರುವ ಜಾಗ. ಬೆಂಗಳೂರಿಂದ ಸುಮಾರು 220 ಕಿಲೋಮೀಟರ್, ಹೈವೇ ಬಾಗಿಲಿಗೇ ಬರುತ್ತೆ. ಬೆಳಗ್ಗೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಪಟ್ಲ ಬೆಟ್ಟದ ಬುಡ. ಮಕ್ಕಳಿಗೆ ಏಪ್ರಿಲ್-ಮೇ ರಜೆ ಬರೋದೂ, ಮಳೆ ಬಿದ್ದು ಕಾಫಿ ಹೂ ಬಿಡೋದೂ ಹತ್ತಿರ ಹತ್ತಿರ. ಆ ಹೂವಿನ ವಾಸನೆ ಒಂದು ಸಲ ಕುಡಿದ ಮಗು ಮತ್ತೆ ಬರಬೇಕು ಅನ್ನುತ್ತೆ. ಅಪ್ಪ ಕರೆತಂದರೆ ಒಂದೇ ಸಲ ಬರಬಹುದು, ಮಗು ಹಟ ಹಿಡಿದರೆ ಪ್ರತಿ ವರ್ಷ ಬರಬೇಕಾಗುತ್ತೆ. ಅಂಗಡಿಯವರು ಇದನ್ನು ನೆನಪಿಡಬೇಕು.

ಅಂಗಡಿಗೆ ಏನು ವ್ಯತ್ಯಾಸ?

ಹುಡುಗರ ಗುಂಪು ಬಂದರೆ ಲಾಭ ಎರಡು ಮೂರು ಅಂಗಡಿಗೆ ಮಾತ್ರ: ಮದ್ಯ, ಸಿಗರೇಟು, ಕೋಳಿ. ಫ್ಯಾಮಿಲಿ ಬಂದರೆ ಪಟ್ಟಿ ಉದ್ದ ಆಗುತ್ತೆ. ಹಾಲು, ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು, ಮಗುವಿನ ಡೈಪರ್, ಪ್ಯಾಡ್, ಜ್ವರದ ಸಿರಪ್, ಓಆರ್‌ಎಸ್, ಚಿಕ್ಕ ಸೈಜಿನ ರೇನ್‌ಕೋಟ್, ಟಾರ್ಚ್, ಸೊಳ್ಳೆ ಬತ್ತಿ. ಬಾಗೆ, ಹಾನುಬಾಳು, ಹೆತ್ತೂರು ಕಡೆಯ ಸಣ್ಣ ಅಂಗಡಿಗೂ ಇದರಲ್ಲಿ ಪಾಲಿದೆ. ವಾಪಸ್ ಹೋಗುವಾಗ ಕಾಫಿ ಪುಡಿ, ಮೆಣಸು, ಏಲಕ್ಕಿ, ಜೇನುತುಪ್ಪ ಕೊಳ್ಳೋದೂ ಹೆಂಗಸರೇ.

ಹೆತ್ತೂರು ರಸ್ತೆಯ ಅಂಗಡಿಯವರೊಬ್ಬರು ಮಳೆಗಾಲದಲ್ಲಿ ಕೌಂಟರ್ ಮೇಲೆ ನಶ್ಯದ ಡಬ್ಬಿ, ಉಪ್ಪಿನ ಪೊಟ್ಟಣ, ಉದ್ದ ಕಾಲುಚೀಲ ಜೋಡಿಸಿ ಇಡ್ತಾರೆ. ಜಿಗಣೆಗೆ. ಏನು ಬೇಕು ಅಂತ ಬೆಂಗಳೂರಿನವರಿಗೆ ಗೊತ್ತಿರಲ್ಲ, ನಾವೇ ಹೇಳಿ ಕೊಡಬೇಕು ಅಂತಾರೆ. ಜಿಗಣೆಯನ್ನ ಕಿತ್ತು ಎಳೀಬೇಡಿ, ಉಪ್ಪು ಮುಟ್ಟಿಸಿ ಅಂತ ಮಗುವಿನ ತಾಯಿಗೆ ಹೇಳಿ ಕಳಿಸೋದು ಅವರೇ. ವ್ಯಾಪಾರನೂ ಆಯ್ತು, ಉಪಕಾರನೂ ಆಯ್ತು.

ಮೂವತ್ತು ಜನಕ್ಕೆ ಒಂದು ಟಾಯ್ಲೆಟ್

ಇನ್ನು ಕಹಿ ಮಾತು. ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟ ಮೇಲೆ ನಾನು ಒಂದು ಸೀಸನ್ ಟೆಂಟ್ ಹೊಡೆಯೋ ಕೆಲಸಕ್ಕೆ ಹೋಗಿದ್ದೆ. ಆ ಕ್ಯಾಂಪಿನ ಹೆಸರು ಬೇಡ. ವಾರಾಂತ್ಯಕ್ಕೆ ಮೂವತ್ತು ಜನ ಬರೋರು, ಇದ್ದದ್ದು ತಗಡಿನ ಒಂದೇ ಟಾಯ್ಲೆಟ್. ಚಿಲಕ ಸರಿ ಇರಲಿಲ್ಲ. ಬಲ್ಬೂ ಇರಲಿಲ್ಲ. ಗಂಡಸರಿಗೆ ಏನೂ ಅನ್ನಿಸಲಿಲ್ಲ. ಹೆಂಗಸರು ಸಂಜೆ ಐದರ ಮೇಲೆ ನೀರು ಕುಡಿಯೋದನ್ನೇ ನಿಲ್ಲಿಸ್ತಿದ್ದರು. ಟೀ ತಗೊಂಡು ಹೋದರೂ 'ಬೇಡಪ್ಪ' ಅನ್ನೋರು. ಯಾಕೆ ಬೇಡ ಅಂತಿದ್ದಾರೆ ಅನ್ನೋದು ನನಗೆ ಅರ್ಥ ಆಗೋಕೆ ಎರಡು ವಾರ ಬೇಕಾಯ್ತು.

ಇನ್ನೊಂದನ್ನೂ ಅಲ್ಲಿ ನೋಡಿದೆ. ಗಂಡಸರು ಬೆಂಕಿ ಸುತ್ತ ಕೂತು ಯಾರ ಗಾಡಿ ಎಷ್ಟು ಏರಿತು ಅಂತ ಮಾತಾಡ್ತಿದ್ದರೆ, ಈರುಳ್ಳಿ ಹೆಚ್ಚೋದು, ಮಗುವಿಗೆ ಅನ್ನ ಕಲಸೋದು, ಒದ್ದೆ ಬಟ್ಟೆ ಒಣ ಹಾಕೋದು ಹೆಂಡತಿಯ ಪಾಲು. ಮನೇಲಿ ಮಾಡಿದ ಕೆಲಸವನ್ನೇ ಗ್ಯಾಸ್ ಕಟ್ಟೆ ಇಲ್ಲದೆ, ನಲ್ಲಿ ಇಲ್ಲದೆ ಮಾಡೋದಾದರೆ ಅವಳಿಗೆ ಅದು ರಜೆ ಅಲ್ಲ. ಅಂಥವಳು ಎರಡನೇ ಸಲ ಯಾಕೆ ಬರ್ತಾಳೆ? ಅಡುಗೆಯ ಜವಾಬ್ದಾರಿಯನ್ನು ಕ್ಯಾಂಪಿನವರೇ ಹೊತ್ತರೆ, ಊರಿನ ಹೆಂಗಸರ ಕೈಲಿ ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು ಮಾಡಿಸಿ ಕೂಲಿ ಕೊಟ್ಟರೆ, ಬಂದವರಿಗೂ ಸುಖ, ಊರಿಗೂ ದುಡ್ಡು.

ದಾರಿಯಲ್ಲಿ ಆಗೋ ತಪ್ಪುಗಳು

ಆಫ್‌ರೋಡ್ ಓಡಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಫ್ರೆಂಡ್ಸ್ ಜೊತೆ ಹೋಗೋ ಲೆಕ್ಕವೇ ಬೇರೆ, ಐದು ವರ್ಷದ ಮಗು ಇರುವಾಗಿನ ಲೆಕ್ಕವೇ ಬೇರೆ. ನಮ್ಮ ಜೀಪ್ ಡ್ರೈವರ್‌ಗಳು ಹೇಳುವುದು, ನಾನೇ ಕಂಡಿದ್ದು ಸೇರಿಸಿ ಕೆಲವು ಮಾತು:

ಬೆಲ್ಟ್ ಮೊದಲು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತೆ. 'ಹತ್ತು ಕಿಲೋಮೀಟರ್ ಸ್ಪೀಡಲ್ಲಿ ಏನಾಗುತ್ತೆ' ಅಂತಾರೆ. ಗಾಡಿ ಒಂದು ಕಡೆ ವಾಲಿದಾಗ ತೊಡೆ ಮೇಲಿನ ಮಗುವನ್ನು ಹಿಡಿದುಕೊಳ್ಳೋ ಶಕ್ತಿ ಯಾವ ತಾಯಿಗೂ ಇರಲ್ಲ. ತೀರಾ ಕೊರಕಲು ಬಂದರೆ ಹೆಂಡತಿ-ಮಕ್ಕಳನ್ನು ಇಳಿಸಿ, ಅವರು ನಡೆದು ಮೇಲೆ ಬರಲಿ. ಡ್ರೈವರ್ ಒಬ್ಬನೇ ಗಾಡಿ ಏರಿಸಲಿ. ಅದರಲ್ಲಿ ಅವಮಾನ ಏನೂ ಇಲ್ಲ.

ಗಾಡಿ ಹೂತಾಗ ಎಲ್ಲರೂ ಸುತ್ತ ನಿಂತು ವಿಡಿಯೋ ಮಾಡೋದು ದೊಡ್ಡ ತಪ್ಪು. ಎಳೆಯೋ ಹಗ್ಗ ಅಥವಾ ವಿಂಚ್ ಕೇಬಲ್ ತುಂಡಾದರೆ ಚಾಟಿ ಬೀಸಿದ ಹಾಗೆ ಬರುತ್ತೆ, ಕೊಕ್ಕೆ ಕಿತ್ತರೆ ಗುಂಡಿನ ಹಾಗೆ ಹಾರುತ್ತೆ. ಹಗ್ಗದ ಉದ್ದಕ್ಕಿಂತ ದೂರದಲ್ಲಿ, ಪಕ್ಕಕ್ಕೆ ಮಕ್ಕಳನ್ನು ನಿಲ್ಲಿಸಿ. ಎರಡು ಗಾಡಿ ನಡುವೆ ಯಾರೂ ಬರಬಾರದು.

ಡಿಸೆಂಬರ್-ಜನವರಿ ಚಳಿಗೆ ಕೆಂಡದ ಬಾಣಲೆಯನ್ನು ಟೆಂಟ್ ಒಳಗೆ ಇಟ್ಟುಕೊಳ್ಳೋದು, ಇಂಜಿನ್ ಆನ್ ಮಾಡಿ ಗಾಜು ಮುಚ್ಚಿ ಮಲಗೋದು ಎರಡೂ ಪ್ರಾಣಕ್ಕೆ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗಲ್ಲ.

ಹಳ್ಳದ ಪಕ್ಕ ಟೆಂಟ್ ಹಾಕಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲೆ ಘಾಟಿಯಲ್ಲಿ ಮಳೆ ಹೊಡೆದಿದ್ದರೆ ನೀರು ನೋಡ ನೋಡುತ್ತಲೇ ಏರುತ್ತೆ. ಒಣ ಹವೆಯ ತಿಂಗಳಲ್ಲಿ ಇನ್ನೊಂದು ಎಚ್ಚರಿಕೆ, ಉಣ್ಣೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಈ ಉಣ್ಣೆಯಿಂದಲೇ. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಾಣಿಸಿಕೊಂಡಿದೆ. ಮಕ್ಕಳನ್ನು ದರಗಿನ ಮೇಲೆ ಹೊರಳಾಡಲು ಬಿಡಬೇಡಿ. ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿಸಿ, ಮೈ ಪೂರ್ತಿ ನೋಡಿ.

ಆನೆ ಇರೋ ತಾಲೂಕು ಇದು

ಬೆಂಗಳೂರಿನವರಿಗೆ ಆನೆ ಅಂದರೆ ಫೋಟೋ. ನಮಗೆ ಹಾಗಲ್ಲ. 2023ರ ಡಿಸೆಂಬರ್ 4ರಂದು, ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನನೇ ಯಸಳೂರು ವಲಯದಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತ. ಪಳಗಿದ ಸಲಗಕ್ಕೇ ಹೀಗಾದ ಕಡೆ, ಜಿಪ್ ಎಳೆದ ಬಟ್ಟೆಯ ಟೆಂಟ್ ಒಳಗೆ ಎರಡು ಮಕ್ಕಳನ್ನು ಮಲಗಿಸೋದು ಅಂದರೆ ಏನರ್ಥ ಅಂತ ಯೋಚನೆ ಮಾಡಿ.

ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ವಾಟ್ಸಾಪ್ ಗ್ರೂಪಿಗೆ ಮಾಹಿತಿ ಹಾಕುತ್ತೆ. ಶಾಲೆ ಮಕ್ಕಳ ಅಪ್ಪ-ಅಮ್ಮಂದಿರು, ತೋಟದ ಕೂಲಿಯವರು ಅದನ್ನು ನೋಡಿಯೇ ಮನೆಯಿಂದ ಹೊರಗೆ ಕಾಲಿಡೋದು. ಪ್ರವಾಸಿಗರ ಫೋನಿಗೆ ಆ ಮೆಸೇಜ್ ಬರಲ್ಲ. ಹೋಮ್‌ಸ್ಟೇ, ಟೆಂಟ್ ನಡೆಸುವವರೇ ಸಂಜೆ ಅದನ್ನು ಓದಿ ಅತಿಥಿಗಳಿಗೆ ಹೇಳಬೇಕು. ಬಾಳೆಗೊನೆ, ಹಲಸಿನ ಹಣ್ಣು ಟೆಂಟ್ ಹತ್ತಿರ ಇಡಬಾರದು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನೈಟ್ ಡ್ರೈವ್ ಅಂತ ಮಕ್ಕಳನ್ನು ಕರೆದೊಯ್ಯಲೇಬಾರದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಈ ನಂಬರ್ ಪ್ರತಿ ಕ್ಯಾಂಪಿನ ಗೋಡೆ ಮೇಲೂ ಇರಲಿ.

ಕಾನೂನಿನ ಮಾತೂ ಇದೆ. ಮೀಸಲು ಅರಣ್ಯದೊಳಗೆ ಅಪ್ಪಣೆ ಇಲ್ಲದೆ ನುಗ್ಗೋದು, ಬೆಂಕಿ ಹಾಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಗೂಗಲ್ ಮ್ಯಾಪಲ್ಲಿ ದಾರಿ ಕಾಣುತ್ತೆ ಅಂದ ಮಾತ್ರಕ್ಕೆ ಅದು ಹೋಗಬಹುದಾದ ದಾರಿ ಅಲ್ಲ. ಹುಲ್ಲುಗಾವಲಿನ ಮೇಲೆ ಒಂದು ಗಾಡಿ ಹೋದ ಟೈರ್ ಗುರುತಲ್ಲಿ ಮಳೆಗಾಲದಲ್ಲಿ ನೀರು ಹರಿದು ಕೊರಕಲಾಗುತ್ತೆ. ಅದು ನಮ್ಮೂರ ದನ ಮೇಯುವ ಜಾಗ, ನಮ್ಮ ಹಳ್ಳಕ್ಕೆ ನೀರು ಕೊಡೋ ಗುಡ್ಡ.

ಭಯ ಬರೀ ಆನೆಯದ್ದಲ್ಲ

2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರ ಹತ್ತಿರ, ರಾತ್ರಿ ಕಾಲುವೆ ಬಳಿ ಕೂತಿದ್ದ ಪ್ರವಾಸಿಗರ ಮೇಲೆ ನಡೆದ ದಾಳಿ ಎಲ್ಲರಿಗೂ ನೆನಪಿದೆ. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಆಯ್ತು, ಒಬ್ಬ ಪ್ರವಾಸಿ ನೀರುಪಾಲಾದ. ಆ ಸುದ್ದಿ ಓದಿದ ಯಾವ ಹೆಂಗಸೂ ಬಯಲಲ್ಲಿ ರಾತ್ರಿ ಕಳೆಯುವ ಮುಂಚೆ ಎರಡು ಸಲ ಯೋಚನೆ ಮಾಡ್ತಾಳೆ. ಇಲ್ಲಿ ಅಂಥದ್ದು ಆಗಲ್ಲ ಅಂತ ಬಾಯಲ್ಲಿ ಹೇಳಿದರೆ ಸಾಲದು. ನೋಂದಣಿ ಆದ ಜಾಗ, ಕಾವಲಿಗೆ ಊರಿನ ಗೊತ್ತಿರೋ ಮನುಷ್ಯ, ಬಂದವರ ಹೆಸರು-ನಂಬರ್ ಬರೆದಿಡೋ ಪುಸ್ತಕ, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತೆ ಅನ್ನೋ ಮಾಹಿತಿ, ಇಷ್ಟಿದ್ದರೆ ಧೈರ್ಯ ಬರುತ್ತೆ. ಬಿಸಿಲೆ ಕಡೆ ಎಷ್ಟೋ ಜಾಗದಲ್ಲಿ ನೆಟ್‌ವರ್ಕ್ ಇಲ್ಲ. ರಾತ್ರಿ ಮಗುವಿಗೆ ಜ್ವರ ಏರಿದರೆ ಕ್ರಾಫರ್ಡ್ ಆಸ್ಪತ್ರೆಗೆ ಐವತ್ತು ಕಿಲೋಮೀಟರ್ ಹತ್ತಿರ ದೂರ, ಅದೂ ಘಟ್ಟದ ರಸ್ತೆ. ಚಿಕ್ಕ ಮಕ್ಕಳಿದ್ದವರು ಮೊದಲ ಸಲಕ್ಕೆ ಪೇಟೆ ಹತ್ತಿರದ ಯಾವುದಾದರೂ ತೋಟದಲ್ಲೇ ಒಂದು ರಾತ್ರಿ ಇದ್ದು ನೋಡೋದು ಒಳ್ಳೇದು.

ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಬೆಟ್ಟಕ್ಕೆ ಬಾಡಿಗೆ ಹೊಡೆಯೋ ಎಷ್ಟೋ ಜೀಪು ಬಿಳಿ ಬೋರ್ಡ್. ಒಂದೊಂದರಲ್ಲಿ ಒಂಬತ್ತು ಹತ್ತು ಜನ, ಹಿಂದೆ ಕಂಬಿ ಹಿಡಿದು ನಿಂತಿರೋ ಮಕ್ಕಳು. ಬಾಡಿಗೆಗೆ ಪರ್ಮಿಟ್ ಇಲ್ಲದ ಗಾಡಿ ಮಗುಚಿದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು, ಪರಿಹಾರ ಮಾಲೀಕನ ತಲೆ ಮೇಲೇ ಬರಬಹುದು. ಒಂದು ಸೀಸನ್ ದುಡಿಮೆಗೆ ಮನೆ-ತೋಟ ಅಡ ಇಡೋ ಹಾಗಾಗಬಾರದು. ಎಲ್ಲೋ ಬೋರ್ಡಿಗೆ ಖರ್ಚು ಜಾಸ್ತಿ ಅನ್ನೋದು ನಿಜ. ಡ್ರೈವರ್‌ಗಳು ಒಟ್ಟಾಗಿ ಒಂದು ಸಂಘ ಮಾಡಿಕೊಂಡು, ಜನಕ್ಕೆ ಇಷ್ಟು ದರ, ಗಾಡಿಗೆ ಇಷ್ಟೇ ಜನ ಅಂತ ನಿಗದಿ ಮಾಡಿ ಆರ್‌ಟಿಒ ಹತ್ತಿರ ಹೋದರೆ ದಾರಿ ಸಿಗಬಹುದು. ಒಬ್ಬೊಬ್ಬರೇ ಹೋದರೆ ದಂಡ ಮಾತ್ರ ಸಿಗೋದು.

ಏನು ಆಗಬೇಕು?

ದೊಡ್ಡ ಯೋಜನೆ ಬೇಡ. ಪಟ್ಲ ಬೆಟ್ಟದ ಬುಡದಲ್ಲಿ, ಬಿಸಿಲೆ ದಾರಿಯಲ್ಲಿ, ಮಂಜರಾಬಾದ್ ಕೋಟೆ ಹತ್ತಿರ ನೀರು, ಚಿಲಕ, ಬಲ್ಬು ಸರಿ ಇರೋ ಹೆಂಗಸರ ಶೌಚಾಲಯ. ಅದನ್ನು ನೋಡಿಕೊಳ್ಳಲು ಸ್ತ್ರೀಶಕ್ತಿ ಸಂಘಕ್ಕೆ ಗುತ್ತಿಗೆ, ಐದು ಹತ್ತು ರೂಪಾಯಿ ಕೊಡೋಕೆ ಯಾರೂ ಬೇಡ ಅನ್ನಲ್ಲ. ಕಸ ವಾಪಸ್ ತರೋರಿಗೆ ಪಂಚಾಯ್ತಿಯಿಂದ ಒಂದು ಜಾಗ. ಟೆಂಟ್ ನಡೆಸೋರ ಪಟ್ಟಿ ಪೊಲೀಸ್ ಠಾಣೆಯಲ್ಲಿ. ಇದರಲ್ಲಿ ಅರ್ಧ ಕೆಲಸ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮುಗಿಯುತ್ತೆ. ಮುಂದಿನ ಗ್ರಾಮಸಭೆಯಲ್ಲಿ ಅಂಗಡಿಯವರೇ ಎದ್ದು ಕೇಳಲಿ.

ಕಡೇದಾಗಿ ಒಂದು ಮಾತು. ಹೋದ ವಾರ ಪಟ್ಲ ಬೆಟ್ಟದ ದಾರಿಯಲ್ಲಿ ಹದಿನಾಲ್ಕು ವರ್ಷದಿಂದ ಜೀಪು ಓಡಿಸ್ತಿರೋ ಅಣ್ಣನೊಬ್ಬನ ಪಕ್ಕ ಕೂತಿದ್ದೆ. 'ಅತ್ತಿಗೆ, ಪಾಪುನ ಯಾವತ್ತಾದರೂ ಮೇಲೆ ಕರ್ಕೊಂಡು ಹೋಗಿದ್ದೀಯಾ ಅಣ್ಣ?' ಅಂತ ಸುಮ್ಮನೆ ಕೇಳಿದೆ. ಅವನು ಗೇರ್ ಬದಲಾಯಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. 'ಇಲ್ಲ ಕಣೋ. ಭಾನುವಾರ ಬಾಡಿಗೆ ಇರುತ್ತಲ್ಲ' ಅಂದ.

ಹೊರಗಿನವರ ಹೆಂಡತಿ-ಮಕ್ಕಳನ್ನು ಕ್ಷೇಮವಾಗಿ ಮೇಲೆ ಹತ್ತಿಸಿ ಇಳಿಸೋ ನಮ್ಮ ಜನ, ಒಂದು ಸೋಮವಾರ ಗಾಡಿ ಖಾಲಿ ಇದ್ದಾಗ ತಮ್ಮ ಮನೆಯವರನ್ನೂ ಕೂರಿಸಿಕೊಂಡು ಹೋಗಲಿ. ಅಲ್ಲಿ ಟಾಯ್ಲೆಟ್ ಇಲ್ಲ ಅನ್ನೋ ಕಷ್ಟ ಆಗ ನಮ್ಮ ಮನೆಯ ಹೆಂಗಸರ ಬಾಯಿಂದಲೇ ಬರುತ್ತೆ. ಬೆಂಗಳೂರಿನವರು ಹೇಳಿದರೆ ಪಂಚಾಯ್ತಿ ಕೇಳದೇ ಇರಬಹುದು. ಓಟು ಹಾಕೋರು ಹೇಳಿದರೆ ಕೇಳಲೇಬೇಕು.