ಮುಖಸ್ತುತಿ ಮಾಡದ ಸ್ಪೀಕರ್ ಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಈಗ ಒಂದು ಲ್ಯಾಪ್‌ಟಾಪ್, ಒಂದು ಇಂಟರ್‌ಫೇಸ್, ಎರಡು ಮೈಕ್ ಇದ್ದರೆ ಮನೆಯೇ ಸ್ಟುಡಿಯೋ. ಯಕ್ಷಗಾನ ಭಾಗವತರ ಪದ, ತಾಳಮದ್ದಲೆ, ಮದುವೆ ಮನೆಯ ಹಾಡು ಅಲ್ಲೇ ರೆಕಾರ್ಡ್ ಆಗಿ ಯೂಟ್ಯೂಬ್ ಸೇರುತ್ತವೆ. ಸಿದ್ದಾಪುರ ತಾಲೂಕಿನ ನಮ್ಮೂರಲ್ಲಿ ನಾನೂ ಇದೇ ಕೆಲಸ ಮಾಡುವವನು. ಹೊಸದಾಗಿ ಶುರು ಮಾಡುವವರು ಬಂದು ಕೇಳುವ ಮೊದಲ ಪ್ರಶ್ನೆ, ‘ಯಾವ ಮಾನಿಟರ್ ಸ್ಪೀಕರ್ ತಗೊಳ್ಳಲಿ?’ ಎಂಬುದು. ಸಣ್ಣದು ತೆಗೆದುಕೊಳ್ಳಿ, ಉಳಿದ ದುಡ್ಡನ್ನು ಕೋಣೆಗೆ ಹಾಕಿ ಎನ್ನುತ್ತೇನೆ. ಈ ಮಾತು ಹಲವರಿಗೆ ರುಚಿಸುವುದಿಲ್ಲ. ಆದರೂ ಇದನ್ನು ಗಟ್ಟಿಯಾಗಿ ಹೇಳಲು ನನಗೆ ಕಾರಣಗಳಿವೆ.

ಟಿವಿ ಪಕ್ಕದ ಹೋಮ್ ಥಿಯೇಟರ್ ಕೇಳುವವರನ್ನು ಖುಷಿಪಡಿಸಲು ತಯಾರಾದದ್ದು. ತಗ್ಗಿನ ದನಿಯನ್ನು ಉಬ್ಬಿಸಿ, ಮೇಲಿನ ದನಿಗೆ ಹೊಳಪು ಕೊಟ್ಟು, ಕೆಟ್ಟ ರೆಕಾರ್ಡಿಂಗನ್ನೂ ಅದು ಚಂದ ಮಾಡಿ ಕೇಳಿಸುತ್ತದೆ. ಮಾನಿಟರ್ ಸ್ಪೀಕರ್ ಇದ್ದದ್ದನ್ನು ಇದ್ದಂತೆ ಹೇಳಬೇಕು, ತಪ್ಪಿದ್ದರೆ ತೋರಿಸಿಕೊಡಬೇಕು. ಯಮಹಾ ಕಂಪನಿ 1978ರಲ್ಲಿ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರನ್ನು ಹೊರತಂದದ್ದು ಮನೆ ಬಳಕೆಗೆ. ಇಂಪಿಲ್ಲವೆಂದು ಮನೆಯವರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ಎಂಬತ್ತರ ದಶಕದ ಹೊತ್ತಿಗೆ ಜಗತ್ತಿನ ದೊಡ್ಡ ಸ್ಟುಡಿಯೋಗಳ ಮೇಜಿನ ಮೇಲೆಲ್ಲ ಅದೇ ಕೂತಿತ್ತು. ಮಧ್ಯದ ದನಿಯ ದೋಷವನ್ನು ಅದು ಮುಚ್ಚಿಡುತ್ತಿರಲಿಲ್ಲ. 2001ರಲ್ಲಿ ಅದರ ತಯಾರಿಕೆ ನಿಂತಿತು, ಅದು ಕಲಿಸಿದ ಪಾಠ ನಿಲ್ಲಲಿಲ್ಲ.

ನಮ್ಮ ಹಿಮ್ಮೇಳಕ್ಕೆ ಬೇಕಾದದ್ದೂ ಇಂಥ ನಿಷ್ಠುರತೆಯೇ. ಚಂಡೆಯ ಪೆಟ್ಟು ಕಿವಿಗೆ ಚುಚ್ಚಬಾರದು, ಹಾಗೆಂದು ಮೊಂಡಾಗಲೂಬಾರದು. ಮದ್ದಲೆಯ ನಾದ ಶ್ರುತಿಯೊಳಗೆ ಕರಗಿಹೋಗಬಾರದು. ತಾಳದ ಕಿಣಿ ಭಾಗವತರ ಸಾಹಿತ್ಯದ ಮೇಲೆ ಏರಬಾರದು. ತಾಳಮದ್ದಲೆಯಲ್ಲಂತೂ ಅರ್ಥಧಾರಿಯ ಮಾತೇ ಎಲ್ಲ: ಶ, ಷ, ಸ ಬೇರೆಬೇರೆಯಾಗಿ ಕೇಳಬೇಕು, ಎರಡು ಮಾತಿನ ನಡುವಿನ ಮೌನವೂ ಕೇಳಬೇಕು. ಗಂಡಸಿನ ಕಂಠದ ಮೂಲಸ್ವರ ಬಹುಪಾಲು 80 ಹರ್ಟ್ಸ್‌ಗಿಂತ ಮೇಲೆ, ಹೆಂಗಸರದು ಇನ್ನೂ ಮೇಲೆ. ಮಾತನ್ನು ಸ್ಪಷ್ಟಗೊಳಿಸುವ ವ್ಯಂಜನಗಳ ಜಾಗ ಸುಮಾರು 2,000ದಿಂದ 8,000 ಹರ್ಟ್ಸ್. ಇಷ್ಟನ್ನು 5 ಇಂಚಿನ ವೂಫರ್ ಇರುವ ಒಳ್ಳೆಯ ಮಾನಿಟರ್ ಧಾರಾಳವಾಗಿ ನುಡಿಸುತ್ತದೆ. ಕಂಪನಿಯ ಲೆಕ್ಕದಲ್ಲಿ ಯಮಹಾ ಎಚ್‌ಎಸ್‌5 ಇಳಿಯುವುದು 54 ಹರ್ಟ್ಸ್‌ವರೆಗೆ, 8 ಇಂಚಿನ ಎಚ್‌ಎಸ್‌8 ಇಳಿಯುವುದು 38ರವರೆಗೆ. ಆ ನಡುವಿನ ಜಾಗದಲ್ಲಿ ಭಾಗವತಿಕೆಗೆ ಸೇರಿದ್ದು ಏನೂ ಇಲ್ಲವೆನ್ನಬಹುದು. ಯಲ್ಲಾಪುರ ಕಡೆಯ ಸಿದ್ದಿಯರ ಡಮಾಮಿಯಂಥ ತಗ್ಗು ಗುಡುಗಿನ ವಾದ್ಯ ರೆಕಾರ್ಡ್ ಮಾಡುವಾಗ ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡರಾಯಿತು.

ದೊಡ್ಡ ಸ್ಪೀಕರ್ ಇದ್ದರೆ ತೊಂದರೆಯೇನು ಎಂದು ಕೇಳಬಹುದು. ತೊಂದರೆ ಇರುವುದು ನಾವು ಈಗ ಕಟ್ಟಿಕೊಳ್ಳುತ್ತಿರುವ ಕೋಣೆಗಳಲ್ಲಿ. ಆರ್‌ಸಿಸಿ ಮನೆಯ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯನ್ನೇ ತೆಗೆದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಮೀಟರಿನಲ್ಲಿ ಅಳೆದ ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 56 ಬರುತ್ತದೆ. ಅಂದರೆ ಆ ಕೋಣೆ 56 ಹರ್ಟ್ಸ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ. ಮೂರು ಅಳತೆಯೂ ಒಂದೇ ಆದ್ದರಿಂದ ಆ ಗುಂಯ್ ಮೂರು ಪಟ್ಟು ಒಟ್ಟಾಗುತ್ತದೆ. 8 ಇಂಚಿನ ಸ್ಪೀಕರ್ ಅಲ್ಲಿ ಪೂರ್ತಿ ಬಲದಿಂದ ನುಡಿದು ಕೋಣೆಯನ್ನು ಎಬ್ಬಿಸುತ್ತದೆ. ಕೂತವನು ಬಾಸ್ ಹೆಚ್ಚಾಯಿತೆಂದು ಮಿಕ್ಸಿಂಗ್‌ನಲ್ಲಿ ಇಳಿಸುತ್ತಾನೆ. ಅದೇ ಪದವನ್ನು ಜೀಪಿನಲ್ಲೋ ಮೊಬೈಲಿನಲ್ಲೋ ಕೇಳಿದಾಗ ಭಾಗವತರ ಕಂಠ ತೆಳ್ಳಗಾಗಿ, ಮದ್ದಲೆ ಡಬ್ಬದಂತೆ ಕೇಳುತ್ತದೆ. ಕೋಣೆಯ ದೋಷವನ್ನು ಕಲಾವಿದರ ತಲೆಗೆ ಕಟ್ಟಿದ ಹಾಗಾಯಿತು.

ಹಾಗಾಗಿ ಸ್ಪೀಕರ್ ಕೊಳ್ಳುವ ಮೊದಲು ಕೋಣೆ ಆರಿಸಿ. ಹಳೆಯ ಮನೆಯಿದ್ದರೆ ಮಣ್ಣಿನ ಗೋಡೆ, ಮರದ ಅಟ್ಟ ಇರುವ ಉದ್ದನೆಯ ಕೋಣೆ ಟೈಲ್ಸ್ ಹಾಕಿದ ಹೊಸ ಕೋಣೆಗಿಂತ ಎಷ್ಟೋ ಮೇಲು. ಸ್ಪೀಕರುಗಳನ್ನು ಸಣ್ಣ ಗೋಡೆಯ ಕಡೆಯಿಟ್ಟು, ಉದ್ದಕ್ಕೆ ಮುಖ ಮಾಡಿಸಿ. ಮೂಲೆಗೆ ಒತ್ತಿಡಬೇಡಿ, ಮೂಲೆ ತಗ್ಗಿನ ದನಿಯನ್ನು ಉಬ್ಬಿಸುತ್ತದೆ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಿರಲಿ, ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಸ್ನೇಹಿತರೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತ ಹೋದಾಗ, ಕೂತಲ್ಲಿಂದ ನಿಮಗೆ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಶಬ್ದ ಬಡಿದು ವಾಪಸ್ ಬರುತ್ತದೆ. ಆ ಜಾಗಕ್ಕೆ ನಾಲ್ಕು ಇಂಚು ದಪ್ಪದ ರಾಕ್‌ವುಲ್ ಹಲಗೆ ಹಾಕಿ. ಸಿದ್ದಿ ಹೆಂಗಸರು ಹೊಲಿಯುವ ದಪ್ಪ ಕೌದಿಯನ್ನು ಗೋಡೆಯಿಂದ ತುಸು ದೂರಕ್ಕೆ ತೂಗಿಬಿಟ್ಟರೂ ಮೇಲಿನ ದನಿಯ ಪ್ರತಿಧ್ವನಿ ಇಳಿಯುತ್ತದೆ. ತಗ್ಗಿನ ದನಿಗೆ ಮಾತ್ರ ಅದು ಸಾಲದು. ಮೂಲೆಗಳಲ್ಲಿ ದಪ್ಪನೆಯ ರಾಕ್‌ವುಲ್ಲನ್ನೇ ತುಂಬಬೇಕು.

ಕೇಳುವ ಸದ್ದಿನ ಮಟ್ಟವನ್ನೂ ಒಂದೇ ಕಡೆ ನಿಲ್ಲಿಸಬೇಕು. ಸದ್ದು ಕಡಿಮೆಯಾದಷ್ಟೂ ಕಿವಿಗೆ ತಗ್ಗಿನ ದನಿ ಇನ್ನಷ್ಟು ಕಡಿಮೆ ಕೇಳುತ್ತದೆ ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟರು. ಸಣ್ಣ ಕೋಣೆಗೆ 75 ಡೆಸಿಬಲ್ ಆಸುಪಾಸು ಸಾಕು. ವಾಲ್ಯೂಮ್ ಗುಂಡಿಗೆ ಒಂದು ಗುರುತು ಹಾಕಿ, ಅಲ್ಲೇ ಬಿಡಿ. ಅಂಗಡಿಯಲ್ಲಿ ಎರಡು ಜೋಡಿ ಹೋಲಿಸುವಾಗಲೂ ಸದ್ದು ಸಮ ಮಾಡಿಸಿ ಕೇಳಿ, ಇಲ್ಲವಾದರೆ ಜೋರಾಗಿ ಕೂಗಿದ್ದೇ ಚಂದವೆನಿಸುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪದ, ಒಬ್ಬರ ಬರಿ ಮಾತು ಜೊತೆಗಿರಲಿ. ಮಾತು ಎರಡು ಸ್ಪೀಕರಿನ ನಟ್ಟನಡುವಿಂದ, ಒಬ್ಬ ಮನುಷ್ಯ ಅಲ್ಲಿ ಕೂತಂತೆ ಬರಬೇಕು.

ಮಲೆನಾಡಿನ ಮಳೆಗಾಲಕ್ಕೂ ಲೆಕ್ಕ ಇಡಬೇಕು. ಮೇಳಗಳ ತಿರುಗಾಟ ನಿಂತ ಮೇಲೆಯೇ ತಾಳಮದ್ದಲೆಯ ಸುಗ್ಗಿ, ಅದೇ ಹೊತ್ತಿಗೆ ಹಂಚಿನ ಮೇಲೆ ಮಳೆಯ ಸದ್ದು. ಆ ಸದ್ದು ಅರ್ಥಧಾರಿಯ ವ್ಯಂಜನಗಳ ಜಾಗದಲ್ಲೇ ಬಂದು ಕೂರುತ್ತದೆ, ಎಷ್ಟು ಮುಚ್ಚಿದೆ ಎಂಬುದನ್ನು ನಿಜ ಹೇಳುವ ಸ್ಪೀಕರ್ ಮಾತ್ರ ತಿಳಿಸುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಎಂಥ ಸ್ಪೀಕರೂ ಗುಂಯ್ ಎನ್ನುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ತಂಡಿಗೆ ಬೂಸಲು ಹಿಡಿಯದಂತೆ ದಿನಾ ಸ್ವಲ್ಪ ಹೊತ್ತು ನುಡಿಸುತ್ತಿರಿ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ನಾವು ಇಂದು ಇಟ್ಟು ಹೋಗುವ ದನಿಯೇ ನಾಳೆಯವರಿಗೆ ಸಿಗುವ ದನಿ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಹೋದರು. ಆಮೇಲೆ ಹುಟ್ಟಿದವರಿಗೂ ಅವರ ಕಂಠ ಗೊತ್ತಿರುವುದು ಕ್ಯಾಸೆಟ್ಟುಗಳಿಂದ. ನಮ್ಮ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಅವರ ಶೈಲಿ ಕಲಿಯಬಯಸುವ ಹುಡುಗರಿಗೆ ಇನ್ನು ರೆಕಾರ್ಡಿಂಗೇ ಗುರು. ಹಳ್ಳಿಯ ಅಜ್ಜಿಯಂದಿರ ಹಾಡಿಗಂತೂ ಬೇರೆ ಪ್ರತಿಯೇ ಇಲ್ಲ. ನಾನು ಹಾಡಿಸಿಕೊಂಡ ಅಜ್ಜಿಯೊಬ್ಬರಿಗೆ ಕೇಳಿಸಿದಾಗ, ‘ಹೌದೋ ತಮಾ, ಇದು ಯನ್ನ ದನಿನೇ’ ಎಂದರು. ಆ ಮಾತು ಬಂದರೆ ಮಿಕ್ಸಿಂಗ್ ಸರಿಯಾಗಿದೆ ಎಂದೇ ನನ್ನ ಲೆಕ್ಕ.

ಎಲ್ಲರೂ ಹತ್ತಾರು ಸಾವಿರ ಹಾಕಿ ಕೋಣೆ ಸಜ್ಜು ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ನಮ್ಮ ಕಡೆ ಸಹಕಾರಿ ಸಂಘಗಳಿವೆ, ಯಕ್ಷಗಾನ ಸಂಘಟನೆಗಳಿವೆ, ಊರೂರಲ್ಲಿ ಸಭಾಭವನಗಳಿವೆ. ಒಂದು ರಾತ್ರಿಯ ಸೌಂಡ್ ಸಿಸ್ಟಮ್‌ಗೆ, ಶಾಲು ಹಾರಕ್ಕೆ ಖರ್ಚು ಮಾಡುವ ಕೈಗಳೇ ತಾಲೂಕಿಗೊಂದು ಕೇಳುವ ಕೋಣೆ ಕಟ್ಟಿಕೊಡಲಿ: ಸರಿಯಾದ ಅಳತೆ, ಗೋಡೆಗೆ ಹಲಗೆ, 5 ಇಂಚಿನ ಒಂದು ಜೋಡಿ ಮಾನಿಟರ್. ಮನೆಯಲ್ಲಿ ರೆಕಾರ್ಡ್ ಮಾಡಿದವರು ಯೂಟ್ಯೂಬಿಗೆ ಹಾಕುವ ಮೊದಲು ಅಲ್ಲಿ ಬಂದು ಕೇಳಿ, ತಿದ್ದಿಕೊಂಡು ಹೋಗಲಿ. ಬದುಕಿರುವ ಕಲಾವಿದರಿಗೆ ನಾವು ಮಾಡುವ ಸನ್ಮಾನಗಳಲ್ಲಿ ಅವರ ದನಿಯನ್ನು ಕೆಡದಂತೆ ಉಳಿಸುವುದು ಮೊದಲಿನದಾಗಬೇಕು.